ಒಂದು ಬೇಡದ ರಿವೆಟ್ಟು

ಸಂಜೆಯಾಗುವಷ್ಟರಲ್ಲಿ ಅವರ ಬಲ ಅಂಗೈಯ ನಡುವೆ ಒಂದು ಕೆಂಪು ಉಂಗುರ ಮೂಡಿರುತ್ತಿತ್ತು. ರಿಪೇರಿ ಮುಗಿದ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯ ಬಾಯಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತರಂತೆ ತುಸು ಹೊತ್ತು ನಿಲ್ಲುವುದು ಅವರ ಕ್ರಮ. ಎಳೆತವನ್ನು ಅಳೆಯುವ ಮೀಟರು ಅಂಗಡಿಯಲ್ಲಿತ್ತು. ಅದು ಗಿರಾಕಿಗಳ ಸಮಾಧಾನಕ್ಕೆ. ಅಂಗೈ ಒಪ್ಪಿದರೆ "ಎಳೆತ ಉಂಟು" ಎನ್ನುವರು. ಒಪ್ಪದಿದ್ದರೆ "ಗೌಜಿ ಜಾಸ್ತಿ, ಎಳೆತ ಕಮ್ಮಿ" ಎಂದು, ಬರೀ ಸದ್ದು ಮಾಡುವ ಆ ಯಂತ್ರವನ್ನು ಮತ್ತೆ ನನ್ನ ಮೇಜಿಗೆ ತಳ್ಳುವರು. ಈ ತೀರ್ಪು ಯಂತ್ರಗಳಿಗಷ್ಟೇ ಮೀಸಲಾಗಿರಲಿಲ್ಲ. ಚುನಾವಣೆಯ ಭಾಷಣಕಾರರು, ಮದುವೆ ಹಾಲಿನ ನಿರೂಪಕರು, ಫಳ್ನೀರಿನ ನಮ್ಮ ಅಂಗಡಿಯ ಮೇಲ್ಮಹಡಿಗೆ ಹೊಸದಾಗಿ ಬಂದ ವೈದ್ಯರು, ಎಲ್ಲರೂ ಅವರ ಅಂಗೈಯ ಅಳತೆಗೆ ಒಳಪಟ್ಟವರೇ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ನುಡಿನಮನದ ಸಭೆಯಲ್ಲಿ ಐವರು ಮಾತನಾಡಿದರು. ಸುರತ್ಕಲ್ಲಿನ ಕಡಲತೀರದಲ್ಲಿ ನೀರಿನ ಸುಳಿಯನ್ನು ಕಂಡು ಅವರಿಗೆ ಧೂಳು ಹಿಡಿಯುವ ತಗಡಿನ ಶಂಕುವಿನ ಕಲ್ಪನೆ ಹೊಳೆಯಿತೆಂದು ಒಬ್ಬರು ಹೇಳಿದರು. ಪೇಟೆಂಟು ಎಂಬ ಪದವೇ ಅರಿಯದ ಮುಗ್ಧರಾದ್ದರಿಂದ ದೂರದ ಕಂಪನಿಯೊಂದು ಅವರ ಆವಿಷ್ಕಾರವನ್ನು ಹಾಡಹಗಲೇ ಕದ್ದಿತೆಂದು ಮತ್ತೊಬ್ಬರು ಕಣ್ಣೊರೆಸಿಕೊಂಡರು. ಅವರೇ ಇದ್ದಿದ್ದರೆ ಗೌಜಿ ಜಾಸ್ತಿ ಎನ್ನುತ್ತಿದ್ದರೆಂದು ಹಿಂದಿನ ಸಾಲಿನಲ್ಲಿ ಕುಳಿತು ನನ್ನಷ್ಟಕ್ಕೇ ನಕ್ಕೆ. ಆಗಿನ್ನೂ ನನಗೆ ನಗು ಬರುತ್ತಿತ್ತು.

ಸಭೆ ಮುಗಿದ ಮೇಲೆ ರಿಪೇರಿಗಾರರ ಸಂಘದ ಕಾರ್ಯದರ್ಶಿ ನನ್ನನ್ನು ತಡೆದು ನಿಲ್ಲಿಸಿದರು.

"ಒಂದು ಸಂಸ್ಮರಣ ಸಂಚಿಕೆ ತರ್ತಾ ಇದ್ದೇವೆ. ಕಂಪನಿ ಮೋಸ ಮಾಡಿದ ಕತೆಯನ್ನು ನೀವೇ ಬರೀಬೇಕು. ನಿಮಗಿಂತ ಚೆಂದ ಗೊತ್ತಿರುವವರು ಯಾರುಂಟು?"

"ಬರೀತೇನೆ. ಆದ್ರೆ ಕಂಪನಿಯ ಪೇಟೆಂಟಿನ ಕಾಗದ ನೋಡದೆ ಬರೆಯುದಿಲ್ಲ."

"ಕಾಗದ ಎಂತಕ್ಕೆ ಮಾರಾಯ್ರೆ? ಊರಿಗೆಲ್ಲ ಗೊತ್ತುಂಟಲ್ಲ!"

ಊರಿಗೆಲ್ಲ ಗೊತ್ತಿರುವ ಸಂಗತಿಯನ್ನೇ ನಾನು ಮೊದಲು ಅನುಮಾನಿಸುವುದು. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಕಲಿತದ್ದೆಲ್ಲ ರದ್ದಿ ಅಂಗಡಿಯಿಂದ ತಂದ ಪಠ್ಯಪುಸ್ತಕಗಳಿಂದ ಮತ್ತು ಒಂದು ಹರುಕು ಇಂಗ್ಲಿಷ್ ನಿಘಂಟಿನಿಂದ. ಹೀಗೆ ಕಲಿತವರಿಗೆ ಯಾವುದನ್ನೂ ಇನ್ನೊಬ್ಬರ ಬಾಯಿಮಾತಿನ ಮೇಲೆ ನಂಬುವ ಸೌಕರ್ಯವಿರುವುದಿಲ್ಲ. ಆದರೆ ಒಂದು ತಪ್ಪೊಪ್ಪಿಗೆಯನ್ನು ಇಲ್ಲಿಯೇ ಮಾಡಿಬಿಡಬೇಕು: ಜಗತ್ತಿನಲ್ಲಿ ಒಬ್ಬರ ಮಾತನ್ನು ಮಾತ್ರ ನಾನು ಪರೀಕ್ಷಿಸದೆ ನಂಬಿದ್ದೆ.

ನಮ್ಮದು ತಲೆತಲಾಂತರದಿಂದ ಕಡಲಿಗಿಳಿದ ಮನೆತನ. ದೋಣಿ ಹತ್ತಿದರೆ ವಾಂತಿ ಮಾಡುವ ಮಗ ನಾನೊಬ್ಬನೇ ಹುಟ್ಟಿದ್ದು. ಅಪ್ಪ ನನ್ನನ್ನು ದಡದಲ್ಲಿ ಕೂರಿಸಿ ಬಲೆ ಹೆಣೆಯಲು ಕಲಿಸಿದರು. ಅದು ಕೈಹತ್ತಿದ ಮೇಲೆ ಮೋಟರು ಕಟ್ಟುವ ಕೆಲಸಕ್ಕೆ ಬಂದೆ. ಅವರು ನನಗಿಂತ ಎಂಟು ವರ್ಷ ಹಿರಿಯರು, ಹಿಂದೆ ಗದ್ದೆ ತೋಟಗಳಿದ್ದ ಮನೆಯವರು. ಡಿಪ್ಲೊಮಾ ಅರ್ಧದಲ್ಲಿ ನಿಂತಿದ್ದರೂ ಬೀದಿಯವರೆಲ್ಲ ಅವರನ್ನು ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ಅವರು ಅದನ್ನು ತಿದ್ದಲಿಲ್ಲ. ನಾನು ಅಣ್ಣ ಎನ್ನುತ್ತಿದ್ದೆ. ಇಬ್ಬರೂ ಒಂದೇ ಕೋಣೆಯಲ್ಲಿ, ಎದುರುಬದುರು ಮೇಜುಗಳಲ್ಲಿ, ಇಪ್ಪತ್ತಾರು ವರ್ಷ ಕುಳಿತೆವು.

ಶಂಕುವಿನ ಕತೆಯನ್ನು ಈಗ ಇದ್ದದ್ದು ಇದ್ದಂತೆ ಹೇಳುತ್ತೇನೆ. ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆಯನ್ನು ಕೊರೆದು ವಯರಿಂಗ್ ಮಾಡುವಾಗ ಏಳುವ ಧೂಳು ಅಕ್ಕಿಹಿಟ್ಟಿಗಿಂತ ನುಣುಪು. ಮಳೆಗಾಲದ ತೇವಕ್ಕೆ ಅದು ಕ್ಲೀನರಿನ ಬಟ್ಟೆಯ ಚೀಲದಲ್ಲಿ ಕೆಸರಾಗಿ, ಒಣಗಿ ಹಂಚಾಗಿ, ಗಾಳಿಯ ದಾರಿಯನ್ನು ಕಟ್ಟಿಬಿಡುತ್ತಿತ್ತು, ಮೋಟರು ಸುಟ್ಟುಹೋಗುತ್ತಿತ್ತು. ಜೂನ್ ಬಂತೆಂದರೆ ಗುತ್ತಿಗೆದಾರರ ಸುಟ್ಟ ಯಂತ್ರಗಳು ನಮ್ಮ ಜಗಲಿಯಲ್ಲಿ ಸಾಲುಗಟ್ಟಿ ಕೂರುತ್ತಿದ್ದವು. ಧೂಳು ಚೀಲವನ್ನು ತಲುಪುವ ಮೊದಲೇ ಎಲ್ಲಾದರೂ ಉದುರಬೇಕು ಎಂದು ಅವರು ಹೇಳುತ್ತಲೇ ಇದ್ದರು. ಹೀಗಿರುವಾಗ ಒಂದು ದಿನ ಮರದ ಮಿಲ್ಲಿನ ಮೋಟರು ನೋಡಲು ಇಬ್ಬರೂ ಹೋದೆವು. ಮಿಲ್ಲಿನ ಹೆಂಚಿನ ಮಾಡಿನ ಮೇಲೆ ತಗಡಿನ ದೊಡ್ಡ ಶಂಕುವೊಂದು ತಲೆಕೆಳಗಾಗಿ ನಿಂತಿತ್ತು. ಮರದ ಹೊಟ್ಟು ಗಾಳಿಯೊಂದಿಗೆ ಅದರೊಳಗೆ ಸುತ್ತಿ ಸುತ್ತಿ ಕೆಳಗೆ ಉದುರುತ್ತಿತ್ತು, ಗಾಳಿ ಮಾತ್ರ ಮೇಲೆ ಹೋಗುತ್ತಿತ್ತು. ಇಬ್ಬರೂ ಕತ್ತೆತ್ತಿ ನೋಡುತ್ತ ನಿಂತೆವು.

"ಇದನ್ನು ಸಣ್ಣ ಮಾಡಿದ್ರೆ ಎಂತ?" ಎಂದರು. ಹೊರಡುವಾಗ ಮಿಲ್ಲಿನ ಮಾಲಕರಿಗೆ, "ನಿಮ್ಮ ಮಾಡನ್ನು ಕದ್ದುಕೊಂಡು ಹೋಗ್ತಾ ಇದ್ದೇವೆ, ಆಮೇಲೆ ಹೇಳಲಿಲ್ಲ ಅನ್ಬೇಡಿ" ಎಂದು ನಗೆಯಾಡಿದರು. ಕಡಲೂ ಇರಲಿಲ್ಲ, ಸುಳಿಯೂ ಇರಲಿಲ್ಲ. ನಾವೂ ನಕಲು ಮಾಡಿಯೇ ಆರಂಭಿಸಿದವರು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಜಿಐ ತಗಡಿನಿಂದ ಮಾಡಿ ಪೈಂಟಿನ ಬಕೆಟ್ಟಿನ ಮೇಲೆ ಕೂರಿಸಿದ ಮೊದಲ ಎರಡು ಶಂಕುಗಳು ಬೇಸಿಗೆಯಲ್ಲಿ ಓಡಿದವು, ಮಳೆಗಾಲದಲ್ಲಿ ಕೆಟ್ಟವು. ತೇವದ ಧೂಳು ಒಳಗೋಡೆಗೆ ಅಂಟಿಕೊಳ್ಳುತ್ತಿತ್ತು. ಇಳಿಜಾರು ಸಾಲದೆಂದು ನನಗೆ ತೋರಿತು. ಬಲೆಯ ಬಾಯಿಯಿಂದ ಕೊನೆಯ ಚೀಲದವರೆಗೆ ಎಷ್ಟು ಸಾಲಿಗೆ ಎಷ್ಟು ಕಣ್ಣು ಕಡಿಮೆ ಮಾಡುತ್ತ ಹೋಗಬೇಕೆಂಬ ಲೆಕ್ಕ ಅಪ್ಪನಿಂದ ನನ್ನ ಬೆರಳುಗಳಿಗೆ ಬಂದಿತ್ತು. ಅದೇ ಲೆಕ್ಕದಲ್ಲಿ, ಉದ್ದವಾಗಿ, ಕಡಿದಾಗಿ, ಹಳೆಯ ಪತ್ರಿಕೆಯ ಹಾಳೆಯ ಮೇಲೆ ಒಂದು ನಮೂನೆ ಕತ್ತರಿಸಿ ಅವರ ಮುಂದಿಟ್ಟೆ.

"ಇದೆಂತ ಮಾರಾಯ, ಧೂಳಿಗೆ ಬಲೆಯಾ?"

"ಮೀನು ಹಿಂದೆ ತಿರುಗದ ಹಾಗೆ ಬಲೆಗೆ ಇಳಿಜಾರು ಕೊಡುದು ಅಣ್ಣ. ಧೂಳಿಗೂ ಅಷ್ಟೇ ಸಾಕು."

ಅವರು ಹಾಳೆಯನ್ನು ಸುರುಳಿ ಸುತ್ತಿ, ಒಳಗೆ ಇಣುಕಿ, ತಗಡಿನ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ಅದು ಅವರ ಒಪ್ಪಿಗೆ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ಅವಸರದಲ್ಲಿ ನಮೂನೆಯ ಹಾಳೆಯನ್ನು ಮಗುಚಿ ಇಟ್ಟು ಗುರುತು ಹಾಕಿದೆ. ಗಾಳಿ ಒಳಬರುವ ತೂತು ಎಡಕ್ಕೆ ಬರಬೇಕಾದದ್ದು ಬಲಕ್ಕೆ ಬಂತು. ಡ್ರಿಲ್ಲಿನ ಸಣ್ಣ ತೂತು ಬಿದ್ದ ಮೇಲೆಯೇ ತಿಳಿದದ್ದು. ಉಳಿದಿದ್ದದ್ದು ಅದೊಂದೇ ತಗಡು. ಅವರು ಬಂದು ನೋಡಿದರು. ಬಯ್ಯಲಿಲ್ಲ.

"ತಪ್ಪು ನಮ್ಮಿಬ್ಬರದ್ದೂ. ಒಂದು ರಿವೆಟ್ ಹೊಡಿ, ಮುಗೀತು."

ಆ ಮಾತನ್ನು ನಾನು ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡಿದ್ದೆ. ತಪ್ಪನ್ನು ಹಂಚಿಕೊಂಡವರು ಉಳಿದದ್ದನ್ನು ಹಂಚಿಕೊಳ್ಳದೆ ಇರುವರೆಂದು ಯಾರು ಎಣಿಸಿಯಾರು?

ರಿವೆಟ್ಟಿನ ಮೊಳೆ ಬಡಿದು ತೂತು ಮುಚ್ಚಿ, ಸರಿಯಾದ ಜಾಗದಲ್ಲಿ ಮತ್ತೊಂದು ಕೊರೆದೆ. ಜಡಿಮಳೆಯ ಒಂದು ಮಧ್ಯಾಹ್ನ ಒದ್ದೆ ಕೆಂಪು ಧೂಳನ್ನು ನೆಲಕ್ಕೆ ಸುರಿದು ಯಂತ್ರ ಹಾಕಿದೆವು. ಧೂಳೆಲ್ಲ ಬಕೆಟ್ಟಿನಲ್ಲಿ, ಚೀಲದಲ್ಲಿ ಚಿಟಿಕೆಯಷ್ಟೂ ಇಲ್ಲ. ಅವರು ಅಂಗೈ ಒತ್ತಿದರು. "ಎಳೆತ ಉಂಟು!" ಎಂದು ಕೂಗಿ, ಪಕ್ಕದ ಕ್ಲಿನಿಕ್ಕಿನ ಕಂಪೌಂಡರನ್ನು ಎಳೆದುಕೊಂಡು ಬಂದು ಅವನ ಅಂಗೈಯನ್ನೂ ಒತ್ತಿಸಿದರು. ಅವನು ಬಿಡಿಸಿಕೊಳ್ಳಲು ಹೆಣಗಿದ್ದನ್ನು ನೆನೆದು ಎಷ್ಟೋ ಮಳೆಗಾಲಗಳಲ್ಲಿ ನಕ್ಕಿದ್ದೇವೆ.

ಆಮೇಲೆ ಮಾಡಿದ ಪ್ರತಿ ಶಂಕುವಿಗೂ ಅದೇ ಜಾಗದಲ್ಲಿ ಆ ಬೇಡದ ರಿವೆಟ್ಟನ್ನು ಹೊಡೆಯಲೇಬೇಕೆಂಬುದು ಅವರ ಹಟ. ಏಕೆಂದು ಕೇಳಿದರೆ, "ಕಂಬಳದಲ್ಲಿ ಗೆದ್ದ ಕೋಣದ ಹಗ್ಗವನ್ನು ನೀನು ಬದಲಿಸ್ತೀಯಾ?" ಎನ್ನುವರು. ಹೀಗೆ ನನ್ನ ಕೈತಪ್ಪು ನಮ್ಮ ಅಂಗಡಿಯ ಮುದ್ರೆಯಾಯಿತು. ಗುತ್ತಿಗೆದಾರರು ಒಳಗೆ ಬೆರಳಾಡಿಸಿ, ರಿವೆಟ್ಟಿನ ತಲೆ ತಗುಲಿದ ಮೇಲೆಯೇ ಕೊಳ್ಳುತ್ತಿದ್ದರು.

ಮುಂದಿನ ಭಾಗ ಎಲ್ಲರೂ ಬಲ್ಲದ್ದು. ಹೊರರಾಜ್ಯದ ಒಂದು ಕಂಪನಿಯಿಂದ ಇಬ್ಬರು ಬಂದರು, ಗೋಳಿಬಜೆ ತಿಂದು ಚಾ ಕುಡಿದರು, ಶಂಕುವನ್ನು ತಿರುಗಿಸಿ ಮುರುಗಿಸಿ ನೋಡಿ ಹೋದರು. ಎರಡು ವರ್ಷದ ಬಳಿಕ ಆ ಕಂಪನಿಯ ಪ್ಲಾಸ್ಟಿಕ್ಕಿನ ಯಂತ್ರ ಪೇಟೆಗೆ ಬಂತು. ಅಣ್ಣ ಒಂದನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿ, ಮುಚ್ಚಳ ಕಿತ್ತು, ನನ್ನ ಬೆರಳನ್ನು ಹಿಡಿದು ಒಳಗೆ ತೂರಿಸಿದರು. ಶಂಕುವಿನ ಒಳಗೋಡೆಯಲ್ಲಿ, ಅದೇ ಜಾಗದಲ್ಲಿ, ಒಂದು ಸಣ್ಣ ಉಬ್ಬು.

"ನೋಡು! ಕಳ್ಳರು ರಿವೆಟ್ಟನ್ನೂ ಬಿಡಲಿಲ್ಲ. ನಮ್ಮ ತಪ್ಪನ್ನೂ ಅಚ್ಚು ಹಾಕಿದ್ದಾರೆ!"

ಅವರ ದನಿ ನಡುಗಿತು. ಇನ್ನು ಈ ಅಂಗಡಿಯಲ್ಲಿ ಈ ಕಂಪನಿಯ ಯಂತ್ರವನ್ನು ಯಾರೂ ಮುಟ್ಟಕೂಡದು ಎಂದರು. ನಾನು ತಲೆಯಾಡಿಸಿದೆ. ಮಂಡಿನೋವಿನಿಂದ ಅವರು ಅಂಗಡಿಗೆ ಬರುವುದನ್ನು ನಿಲ್ಲಿಸಿದ ಮೇಲೂ ನಾನು ಮುಟ್ಟಲಿಲ್ಲ. ಹನ್ನೊಂದು ವರ್ಷ. ಆ ವೇಳೆಗೆ ಊರಿನ ಅರ್ಧ ಮನೆಗಳಲ್ಲಿ ಅದೇ ಯಂತ್ರವಿತ್ತು. ಉರ್ವದ ನಿವೃತ್ತ ಟೀಚರೊಬ್ಬರು ಸ್ಕೂಟರಿನ ಕಾಲಬುಡದಲ್ಲಿ ಅದನ್ನಿಟ್ಟುಕೊಂಡು ಮೂರು ಸಲ ಬಂದರು. ಮೂರು ಸಲವೂ ಹಿಂದೆ ಕಳಿಸಿದೆ.

"ನಿಮಗೆ ಇದರ ರಿಪೇರಿ ಗೊತ್ತಿಲ್ವಾ?"

"ಗೊತ್ತುಂಟು ಟೀಚರ್. ಮುಟ್ಟುದಿಲ್ಲ."

"ಎಂತ, ಮಡಿಯಾ?"

"ಹಾಗೇ ಅಂತ ಇಟ್ಟುಕೊಳ್ಳಿ."

ಈ ನಡುವೆ ಅಣ್ಣ ಭಾಷಣಕಾರರಾಗಿ ಬೆಳೆದಿದ್ದರು. ಶಾಲೆಗಳ ವಿಜ್ಞಾನ ದಿನಕ್ಕೆ, ಸಂಘಗಳ ವಾರ್ಷಿಕೋತ್ಸವಕ್ಕೆ ಕರೆಸುತ್ತಿದ್ದರು. ದೊಡ್ಡವರು ಸಣ್ಣವರಿಂದ ಕದಿಯುವ ಬಗೆಯನ್ನು ಅವರು ಹೇಳುವಾಗ ತಗಡಿನ ಶಂಕುವನ್ನು ಎತ್ತಿ ಹಿಡಿದು ಹಿಂದೆ ನಿಲ್ಲುವವನು ನಾನು. ಒಮ್ಮೆ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಲಿಯುವ ಹುಡುಗಿಯೊಬ್ಬಳು ಎದ್ದು, "ಸರ್, ನೀವು ಪೇಟೆಂಟ್ ಮಾಡಿಸಲಿಲ್ವಾ?" ಎಂದು ಕೇಳಿದಳು. "ಪೇಟೆಂಟ್ ಅಂದ್ರೆ ದೊಡ್ಡವರು ಹಾಕುವ ಬೇಲಿ ಮಗಾ. ನಾವು ಹೊರಗೆ ನಿಂತವರು" ಎಂದರು. ಚಪ್ಪಾಳೆ ಬಿತ್ತು. ಹಾಗೆ ಹೇಳುವಾಗ ಅವರು ಅವಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತಮ್ಮ ಅಂಗೈಯನ್ನು ನೋಡಿಕೊಂಡರು. ಅದನ್ನು ನಾನು ವಿನಯವೆಂದು ತಿಳಿದೆ.

ಪೇಟೆಂಟಿನ ಕಾಗದಗಳನ್ನು ಸರಕಾರವೇ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುತ್ತದೆಂದು ಓದಿ ತಿಳಿದಿದ್ದೆ. ಸಂಚಿಕೆಯ ಲೇಖನಕ್ಕೆ ಆಧಾರ ಬೇಕೆಂದು ನಮ್ಮ ಬೀದಿಯ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿ ನಡೆಸುವಾಕೆ ಕಂಪ್ಯೂಟರಿನಲ್ಲಿ ಹುಡುಕುತ್ತ, "ಎಂತ ಅಜ್ಜ, ಪೇಟೆಂಟ್ ಮಾಡ್ಲಿಕ್ಕುಂಟಾ?" ಎಂದಳು.

"ಕಳ್ಳನನ್ನು ಹಿಡೀಲಿಕ್ಕುಂಟು."

"ಹಾಗಾದ್ರೆ ಹಿಡಿಯುವ." ಅವಳು ಹಾಳೆಗಳನ್ನು ಒಂದೊಂದಾಗಿ ಮುದ್ರಿಸಿದಳು. ಮೂರನೆಯ ಹಾಳೆಯನ್ನು ಕೊಡುವಾಗ ಕೈ ತಡೆಯಿತು. "ಇದು ನಿಮ್ಮ ಇಂಜಿನಿಯರ್ ಸರ್ ಹೆಸರಲ್ವಾ?"

ಅರ್ಜಿದಾರರೆಂದು ಕಂಪನಿಯ ಹೆಸರಿತ್ತು. ಆವಿಷ್ಕಾರಕ ಎಂಬ ಮನೆಯಲ್ಲಿ ಒಂದೇ ಹೆಸರು, ಅವರದು. ಆವಿಷ್ಕಾರದ ಹಕ್ಕನ್ನು ನನ್ನ ಒಪ್ಪಿಗೆಯಿಂದಲೇ ಕಂಪನಿಗೆ ಬಿಟ್ಟುಕೊಟ್ಟಿದ್ದೇನೆಂಬ ಹೇಳಿಕೆಯ ಕೆಳಗೆ ಸಹಿ. ಕೊನೆಯ ಅಕ್ಷರದ ಬಾಲವನ್ನು ಸ್ಪ್ರಿಂಗಿನಂತೆ ಸುತ್ತುವ ಆ ಸಹಿಯನ್ನು ಇಪ್ಪತ್ತಾರು ವರ್ಷ ರಸೀದಿಗಳ ಮೇಲೆ ನೋಡಿದವನು ನಾನು. ತಾರೀಕನ್ನು ನೋಡಿದೆ. ಆ ಯಂತ್ರವನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕುವುದಕ್ಕೆ ಬಹಳ ಹಿಂದೆಯೇ ಅವರು ಸಹಿ ಮಾಡಿದ್ದರು.

"ಕಳ್ಳ ಸಿಕ್ಕಿದನಾ ಅಜ್ಜ?" ಎಂದು ಅವಳು ಕೇಳಿದಳು. ನಾನು ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿದೆ.

ಮನೆಯಲ್ಲಿ ನಿಘಂಟನ್ನು ತೆರೆದಿಟ್ಟುಕೊಂಡು ಪೂರ್ತಿ ಓದಿದೆ. ಬಲೆಯ ಲೆಕ್ಕದ ಇಳಿಜಾರನ್ನು "ಅನುಭವದಿಂದ ಕಂಡುಕೊಂಡ ಅನುಪಾತ" ಎಂದು ಬರೆದಿತ್ತು. ಯಾರ ಅನುಭವವೆಂದು ಬರೆದಿರಲಿಲ್ಲ. ಚಿತ್ರದಲ್ಲಿ ರಿವೆಟ್ಟಿನ ಜಾಗಕ್ಕೊಂದು ಬಾಣದ ಗುರುತು, ಪಕ್ಕದಲ್ಲಿ ವಿವರಣೆ: "ಸುತ್ತುವ ಗಾಳಿಯ ಕಂಪನವನ್ನು ತಗ್ಗಿಸುವ ಉಬ್ಬು." ನನ್ನ ತಪ್ಪಿಗೆ ಒಂದು ಉದ್ಯೋಗ ಕೊಟ್ಟಿದ್ದರು. ಆದರೆ ಅನುಮಾನಿಸುವವನು ತನ್ನನ್ನೂ ಅನುಮಾನಿಸಬೇಕು. ಒಂದು ವೇಳೆ ಅದು ನಿಜವೇ ಆಗಿದ್ದರೆ? ನಾನು ತಪ್ಪೆಂದದ್ದರಲ್ಲಿ ಅವರ ಅಂಗೈ ಏನನ್ನಾದರೂ ಕಂಡಿದ್ದರೆ? ರಿವೆಟ್ಟು ಹೊಡೆದ ನಮ್ಮ ಮೊದಲ ಶಂಕು ಅಂಗಡಿಯ ಅಟ್ಟದಲ್ಲಿತ್ತು. ರಿವೆಟ್ಟಿನ ತಲೆಯನ್ನು ಅರದಿಂದ ಉಜ್ಜಿ ಸಮ ಮಾಡಿ, ಮೂರು ದಿನ, ಅಂಗೈಯಿಂದಲೂ ಮೀಟರಿನಿಂದಲೂ ಪರೀಕ್ಷಿಸಿದೆ. ಯಾವ ವ್ಯತ್ಯಾಸವೂ ಇಲ್ಲ. ಅದು ತಪ್ಪೇ. ನನ್ನದೇ.

ನಾಲ್ಕನೆಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುವುದು. ಕಾಗದಗಳನ್ನು ನೋಡಿ ಅವರು ಕನ್ನಡಕವನ್ನೂ ಹುಡುಕಲಿಲ್ಲ. ಎದ್ದು ಹೋಗಿ ಮಲಗುವ ಕೋಣೆಯಿಂದ ಒಂದು ಚೌಕಟ್ಟು ತಂದು ನನ್ನ ಮುಂದಿಟ್ಟರು. ಅದೇ ಮೂರನೆಯ ಹಾಳೆ, ಕಂಪನಿಯವರು ಕಳಿಸಿದ ಪ್ರತಿ, ಗಾಜಿನೊಳಗೆ.

"ಗೋಡೆಯಲ್ಲಿ ಇತ್ತು. ನೀವು ಬರುವಾಗ ಮಗುಚಿ ಹಾಕ್ತಾ ಇದ್ರು. ನಿಮ್ಮ ಸ್ಕೂಟರ್ ಗೇಟಿನ ಹತ್ರ ಬಂದ ಶಬ್ದ ಕೇಳಿದ ಕೂಡ್ಲೇ ಏಳ್ತಿದ್ರು. ಕೊನೆಗೆ ಮಂಡಿ ಕೊಡದಾಗ, ನೀನು ಮಗುಚು ಅಂತ ನನಗೆ ಹೇಳ್ತಿದ್ರು."

"ನನ್ನ ಹೆಸರನ್ನೂ ಹಾಕಿಸ್ಬಹುದಿತ್ತಲ್ಲ ಅಕ್ಕ?"

ಅವರು ಸೆರಗಿನಿಂದ ಗಾಜನ್ನು ಒರೆಸಿದರು. "ನಾನೂ ಕೇಳಿದ್ದೆ. 'ಅವ ಎಂಟನೇ ಕ್ಲಾಸು, ಕಂಪನಿಯವರು ಒಪ್ಪಲಿಕ್ಕಿಲ್ಲ' ಅಂದ್ರು." ಒರೆಸುತ್ತಲೇ, "ಕಂಪನಿಯವರ ಹತ್ರ ಇವರು ಕೇಳ್ಲೂ ಇಲ್ಲ ಅಂತ ಕಾಣ್ತದೆ" ಎಂದರು.

ಅಣ್ಣನಿಗೆ ಕಂಪನಿಯಿಂದ ಏನು ಸಿಕ್ಕಿತೆಂದು ನಾನು ವಿಚಾರಿಸಲಿಲ್ಲ. ಹಣಕ್ಕಾಗಿ ಮಾಡಿದರೆಂದರೆ ಕತೆ ಸುಲಭವಾಗುತ್ತದೆ. ಸುಲಭವಾದ ಕತೆಯನ್ನು ನಾನು ನಂಬುವುದಿಲ್ಲ. ಬೀದಿ ಕೊಟ್ಟ ಇಂಜಿನಿಯರ್ ಎಂಬ ಹೆಸರು ಒಂದು ಕಾಗದದಲ್ಲಾದರೂ ನಿಜವಾಗಬೇಕೆಂದು ಅವರಿಗೆ ಅನಿಸಿರಬೇಕು. ಹಾಗೆ ಪಡೆದ ಒಂದೇ ಒಂದು ಗೌರವವನ್ನು ತಾವೇ ಕಟ್ಟಿದ ಕಳ್ಳತನದ ಕತೆಯಿಂದಾಗಿ ಯಾರಿಗೂ ತೋರಿಸಲಾಗದೆ ಹೋದರು. ಇದನ್ನು ನೆನೆದು ಮರುಕಪಡುವುದು ದೊಡ್ಡತನವೆಂದು ಬಲ್ಲೆ. ನನಗೆ ಅಷ್ಟು ದೊಡ್ಡತನವಿಲ್ಲ. ಪೇಟೆಂಟಿನಲ್ಲಿ ಹೆಸರಿಲ್ಲದ್ದನ್ನು ನಾನು ಸಹಿಸಿಯೇನು. ನನ್ನ ಬೆರಳನ್ನು ಹಿಡಿದು ಆ ಉಬ್ಬಿನ ಮೇಲೆ ಇಟ್ಟು, ಕಳ್ಳರು ಎಂದು ಕೂಗಿದರಲ್ಲ, ಆಗ ನಡುಗಿದ ಆ ದನಿಯನ್ನು ಸಹಿಸಲಾರೆ. ಅದರಲ್ಲಿ ಎಳೆತವಿತ್ತು. ನಾನು ಹನ್ನೊಂದು ವರ್ಷ ಅದಕ್ಕೆ ಅಂಟಿಕೊಂಡೆ.

ಕಾರ್ಯದರ್ಶಿಯವರಿಗೆ ಈ ಬರಹವನ್ನೇ ಕೊಡುತ್ತಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ. ಇದರಲ್ಲಿ ಅಣ್ಣನ ಹೆಸರನ್ನು ನಾನು ಬರೆದಿಲ್ಲ. ಅದು ಅಚ್ಚಾಗಬೇಕೆಂದು ಅವರು ಬಯಸಿದ ಜಾಗದಲ್ಲಿ ಅಚ್ಚಾಗಿದೆ.

ಕಳೆದ ವಾರ ಉರ್ವದ ಟೀಚರಿಗೆ ನಾನೇ ಫೋನು ಮಾಡಿ ಯಂತ್ರವನ್ನು ತರಲು ಹೇಳಿದೆ. ಅವರು ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದರು.

"ಮಡಿ ಬಿಟ್ಟಿರಾ?"

"ಬಿಟ್ಟೆ ಟೀಚರ್."

ಮುಚ್ಚಳ ಬಿಚ್ಚಿ, ಶಂಕುವನ್ನು ತೊಳೆದು, ಕಿಟಕಿಯ ಬೆಳಕಿಗೆ ಹಿಡಿದೆ. ಟೀಚರ್ ನನ್ನ ಭುಜದ ಮೇಲಿಂದ ಇಣುಕಿದರು.

"ಒಳಗೆ ಅದೆಂತ, ಗುಳ್ಳೆಯ ಹಾಗೆ? ಒಡೆದದ್ದಾ?"

"ಅಲ್ಲ. ಅದು ನಾನು ಹಾಳೆ ಮಗುಚಿ ಇಟ್ಟು ಕೊರೆದ ತೂತು."

"ನೀವಾ? ಕಂಪನಿಯ ಮಿಷನಿಗೆ?" ಅವರು ನಕ್ಕ ಗೌಜಿಗೆ ಪಕ್ಕದ ಕ್ಲಿನಿಕ್ಕಿನವರು ಇಣುಕಿದರು. "ನಿಮ್ಮ ತಮಾಷೆ ಉಂಟಲ್ಲ ಮಾರಾಯ್ರೆ!"

ನಾನು ತಿದ್ದಲಿಲ್ಲ. ಮೋಟರಿನಲ್ಲಿ ಸವೆದಿದ್ದ ಕಾರ್ಬನ್ ಬ್ರಷ್ಷುಗಳನ್ನು ಬದಲಿಸಿ, ಯಂತ್ರವನ್ನು ಜೋಡಿಸಿ, ಸ್ವಿಚ್ಚು ಹಾಕಿ, ಕೊಳವೆಯ ಬಾಯಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದೆ. ಕೈ ತೆಗೆದಾಗ ಕೆಂಪು ಉಂಗುರ ಮೂಡಿತ್ತು. ಟೀಚರ್ ಕಾಯುತ್ತಿದ್ದರು.

"ಎಳೆತ ಉಂಟು" ಎಂದೆ. ಸುಳ್ಳು ಹೇಳುವಂತಿರಲಿಲ್ಲ.